ದತ್ತು ಪ್ರಕ್ರಿಯೆಯ ನಡುವೆ ದೇಶ ಬದಲಿಸಿದರೆ ಕಡತದ ಗತಿ ಏನು?

2024ರ ಆಗಸ್ಟ್ ಕೊನೆಯಲ್ಲಿ ಚೀನಾ ತನ್ನ ಮಕ್ಕಳನ್ನು ವಿದೇಶಿಯರಿಗೆ ದತ್ತು ಕೊಡುವುದನ್ನು ನಿಲ್ಲಿಸಿತು. ಅದೇ ವರ್ಷದ ಜನವರಿಯಲ್ಲಿ ಡೆನ್ಮಾರ್ಕ್‌ನಲ್ಲಿದ್ದ ಒಂದೇ ಒಂದು ಅಂತರರಾಷ್ಟ್ರೀಯ ದತ್ತು ಸಂಸ್ಥೆ ಈ ಕೆಲಸವನ್ನು ಕೈಬಿಡುವುದಾಗಿ ಹೇಳಿತ್ತು; ಮೇ ತಿಂಗಳಲ್ಲಿ ನೆದರ್ಲೆಂಡ್ಸ್ ಸರ್ಕಾರ ಹೊಸ ಅರ್ಜಿಗಳಿಗೆ ತಡೆ ಹಾಕಿತು. 2025ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸತ್ಯ ಮತ್ತು ಸಾಮರಸ್ಯ ಆಯೋಗ, ಹಿಂದಿನ ದಶಕಗಳಲ್ಲಿ ಹೊರದೇಶಕ್ಕೆ ಹೋದ ಅನೇಕ ಮಕ್ಕಳ ದಾಖಲೆಗಳನ್ನು ತಿರುಚಲಾಗಿತ್ತು ಎಂದು ಹೇಳಿತು.

ಸುದ್ದಿಯೇನೋ ದೂರದ್ದು. ಆದರೆ ಸಾಗರ, ತೀರ್ಥಹಳ್ಳಿ, ಹೊಸನಗರದ ಅಡಿಕೆ ತೋಟದ ಮನೆಗಳಲ್ಲಿ ಮಗ-ಸೊಸೆಯೋ ಮಗಳು-ಅಳಿಯನೋ ಹೊರದೇಶದಲ್ಲಿರುವುದು ಈಗ ಹೊಸದಲ್ಲ. ಹಾಗಿರುವವರಲ್ಲಿ ಒಂದು ಜೋಡಿ ಕೊಲಂಬಿಯಾದಿಂದಲೋ ಮತ್ತೊಂದು ಕಡೆಯಿಂದಲೋ ಮಗು ತರಲು ಅರ್ಜಿ ಹಾಕಿ ಕಾಯುತ್ತಿದೆ ಎಂದುಕೊಳ್ಳಿ. ಒಂದು ದಿನ ಊರಿಗೆ ಫೋನ್ ಮಾಡಿ "ಅದು ಬ್ಯಾಡ ಅಂತ ಬಿಟ್ವಿ, ಇಂಡಿಯಾದಿಂದಲೇ ತಗೊಳ್ತೀವಿ" ಎನ್ನುತ್ತಾರೆ. ಮನೆಯ ಹಿರಿಯರಿಗೆ ಆಗ ಎರಡು ಪ್ರಶ್ನೆ ಏಳುತ್ತವೆ. ಇಷ್ಟು ವರ್ಷ ಕಾದದ್ದು, ಕಟ್ಟಿದ ದುಡ್ಡು ಎಲ್ಲಾ ಏನಾಯಿತು? ಇಂಡಿಯಾದಿಂದ ಅಂದಮೇಲೆ ಶಿವಮೊಗ್ಗದಲ್ಲೇ ಮಕ್ಕಳಿದ್ದಾರಲ್ಲ, ಬಂದು ಕರೆದುಕೊಂಡು ಹೋದರೆ ಮುಗಿಯಲಿಲ್ಲವೇ?

ಮೊದಲ ಪ್ರಶ್ನೆಗೆ ಉತ್ತರ ಉದ್ದದ್ದು. ಎರಡನೆಯದಕ್ಕೆ ಉತ್ತರ ಚಿಕ್ಕದು: ಇಲ್ಲ. ಆದರೆ ಆ "ಇಲ್ಲ" ಗೊತ್ತಿಲ್ಲದೆ ಮುಂದುವರಿದವರೇ ಹೆಚ್ಚು ಸಿಕ್ಕಿಕೊಳ್ಳುವುದು.

ಒಂದು ಕಡತ, ಎರಡು ಸರ್ಕಾರ

ಅಂತರರಾಷ್ಟ್ರೀಯ ದತ್ತಿಗೆ ಬುಡ 1993ರ ಹೇಗ್ ಒಪ್ಪಂದ. ಭಾರತ ಇದನ್ನು 2003ರಲ್ಲಿ ಅನುಮೋದಿಸಿತು. ಅಮೆರಿಕದಲ್ಲಿ ಅದು 2008ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಒಪ್ಪಂದದ ಲೆಕ್ಕದಲ್ಲಿ ದಂಪತಿಯ ಪೌರತ್ವಕ್ಕಿಂತ ಅವರು ಎಲ್ಲಿ ನೆಲೆಸಿದ್ದಾರೆ ಎನ್ನುವುದು ಮುಖ್ಯ. ಅವರು ನೆಲೆಸಿದ ದೇಶ "ಈ ದಂಪತಿ ಮಗುವನ್ನು ಸಾಕಲು ಯೋಗ್ಯರು, ಮಗುವಿಗೆ ಇಲ್ಲಿ ಬಂದು ಇರಲು ಅನುಮತಿ ಇದೆ" ಎಂದು ಹೇಳಬೇಕು. ಮಗುವಿನ ದೇಶ "ಈ ಮಗು ದತ್ತಿಗೆ ಮುಕ್ತ, ಸ್ವದೇಶದಲ್ಲಿ ಕುಟುಂಬ ಹುಡುಕಿದ್ದೇವೆ, ಸಿಗಲಿಲ್ಲ" ಎಂದು ಹೇಳಬೇಕು. ಎರಡೂ ಕಡೆಯವರು ಒಪ್ಪಿ ಪತ್ರ ಕೊಟ್ಟ ಮೇಲೆಯೇ ಮಗುವನ್ನು ಒಪ್ಪಿಸುವ ಮಾತು.

ಹಾಗಾಗಿ ಕಡತ ಸಿದ್ಧವಾಗುವುದೇ ಇಂಥ ದೇಶದಿಂದ ಇಂಥ ದೇಶಕ್ಕೆ ಎಂದು. ಎರಡು ತುದಿಗಳಲ್ಲಿ ಯಾವುದು ಬದಲಾದರೂ ಕಡತದ ಅರ್ಧ ಭಾಗ ಹೊಸದಾಗಿ ಆಗಬೇಕು. ದಂಪತಿ ಕೊಲಂಬಿಯಾ ಬಿಟ್ಟು ಭಾರತ ಎಂದರೆ ಮಗುವಿನ ತುದಿ ಬದಲಾಯಿತು. ಶಿವಮೊಗ್ಗದಲ್ಲಿ ನೋಂದಾಯಿಸಿ ಕಾಯುತ್ತಿದ್ದವರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು ಎಂದರೆ ದಂಪತಿಯ ತುದಿ ಬದಲಾಯಿತು. ಹೊರಗಿನಿಂದ ಎರಡೂ ಒಂದೇ ಥರ ಕಂಡರೂ ಅನುಸರಿಸಬೇಕಾದ ಕ್ರಮ ಬೇರೆ.

ಬಾಗಿಲು ಮುಚ್ಚುವುದು ಇದೇ ಮೊದಲಲ್ಲ

ಗ್ವಾಟೆಮಾಲಾ 2008ರಲ್ಲಿ ನಿಲ್ಲಿಸಿತು. ರಷ್ಯಾ 2013ರ ಜನವರಿಯಿಂದ ಅಮೆರಿಕನ್ನರಿಗೆ ಮಾತ್ರ ನಿಷೇಧ ಹೇರಿತು. ಅದಕ್ಕೆ ಕಾರಣ ಪೂರ್ತಿ ರಾಜಕೀಯ. ಇಥಿಯೋಪಿಯಾ 2018ರಲ್ಲಿ ಕಾನೂನು ಮಾಡಿ ನಿಲ್ಲಿಸಿತು. ನೇಪಾಳದಲ್ಲಿ ಪರಿತ್ಯಕ್ತ ಮಕ್ಕಳೆಂದು ತೋರಿಸಿದ ಕಾಗದಗಳನ್ನು ನಂಬಲಾಗದೆ ಅಮೆರಿಕವೇ 2010ರಲ್ಲಿ ಅಂಥ ಅರ್ಜಿಗಳನ್ನು ತಡೆಹಿಡಿಯಿತು. ಪರಿಣಾಮ ಅಂಕಿಗಳಲ್ಲೇ ಕಾಣುತ್ತದೆ: 2004ರಲ್ಲಿ ಅಮೆರಿಕಕ್ಕೆ ಸುಮಾರು 23 ಸಾವಿರ ಮಕ್ಕಳು ದತ್ತು ಬಂದಿದ್ದರೆ 2023ರ ಆರ್ಥಿಕ ವರ್ಷದಲ್ಲಿ ಬಂದದ್ದು 1,275.

ಚೀನಾದ ನಿರ್ಧಾರದಲ್ಲಿ ಗಮನಿಸಬೇಕಾದ ಅಂಶ ಬೇರೊಂದಿದೆ. ರಕ್ತಸಂಬಂಧಿಗಳು ಮತ್ತು ಮಲತಂದೆ-ಮಲತಾಯಂದಿರ ದತ್ತು ಬಿಟ್ಟರೆ ಬೇರೆ ಯಾವ ಹಂತದಲ್ಲಿದ್ದ ಕಡತವನ್ನೂ ಮುಂದುವರಿಸುವುದಿಲ್ಲ ಎಂದು ಅದು ಹೇಳಿತು. ಮಗುವಿನ ಫೋಟೋ ಕೈಗೆ ಬಂದು, ಹೆಸರಿಟ್ಟು, ಕೋವಿಡ್ ಕಾಲದಿಂದ ಕಾದಿದ್ದವರೂ ಅಲ್ಲೇ ನಿಂತರು. ಕಡತ ಎಷ್ಟು ಮುಂದೆ ಹೋಗಿದೆ ಎನ್ನುವುದು ಭದ್ರತೆಯ ಗುರುತಲ್ಲ ಎಂದು ದತ್ತು ಸಂಸ್ಥೆಗಳು ಈಗ ಹೇಳತೊಡಗಿರುವುದು ಇದೇ ಕಾರಣಕ್ಕೆ.

ನಿಲ್ಲಿಸಬೇಕು ಎನ್ನುವವರ ವಾದ ಗಟ್ಟಿಯಾಗಿಯೇ ಇದೆ. ದುಡ್ಡಿರುವ ದೇಶದಿಂದ ಬೇಡಿಕೆ ಬಂದಾಗ ಬಡ ದೇಶದಲ್ಲಿ ಅಪ್ಪ-ಅಮ್ಮ ಇರುವ ಮಗುವನ್ನೂ ಅನಾಥ ಎಂದು ತೋರಿಸುವ ದಂಧೆ ಹುಟ್ಟುತ್ತದೆ. ಕೊರಿಯಾದ ಆಯೋಗ ಹೇಳಿದ್ದು ಬಹುಪಾಲು ಅದನ್ನೇ. ಮುಂದುವರಿಯಬೇಕು ಎನ್ನುವವರ ಉತ್ತರವೂ ಸುಳ್ಳಲ್ಲ: ಇಂದು ಗಡಿ ದಾಟಿ ಹೋಗುವ ಮಕ್ಕಳಲ್ಲಿ ಹೆಚ್ಚಿನವರು ವಯಸ್ಸಿನಲ್ಲಿ ದೊಡ್ಡವರು, ಒಡಹುಟ್ಟಿದವರ ಜೋಡಿ, ಅಥವಾ ವೈದ್ಯಕೀಯ ಆರೈಕೆ ಬೇಕಾದವರು. ಇವರಿಗೆ ಸ್ವದೇಶದಲ್ಲಿ ಮನೆ ಸಿಗದಿದ್ದರೆ 18 ವರ್ಷದವರೆಗೆ ಬಾಲಮಂದಿರವೇ ಗತಿ. ದೇಶ ಬದಲಿಸಲು ಹೊರಟ ದಂಪತಿಗೆ ಈ ವಾದದಲ್ಲಿ ಯಾವ ಪಕ್ಷವೂ ನೆರವಾಗುವುದಿಲ್ಲ. ಆದರೆ ಹೊಸ ದೇಶ ಆರಿಸುವಾಗ ಅಲ್ಲಿಯ ವ್ಯವಸ್ಥೆ ಕಾಗದ ಪರಿಶೀಲಿಸುವುದರಲ್ಲಿ ಎಷ್ಟು ಬಿಗಿ ಎಂದು ನೋಡಬೇಕು. ಸಲೀಸಾಗಿ ಬೇಗ ಮಗು ಕೊಡುವ ದೇಶವೇ ನಾಳೆ ಮೊದಲು ಬಾಗಿಲು ಮುಚ್ಚುವ ದೇಶ.

ಉಳಿಯುವ ಕಾಗದ, ಬೀಳುವ ಕಾಗದ

ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇಟ್ಟುಕೊಂಡಿರುವ ಒಂದು ಜೋಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ಕೈಯಲ್ಲಿರುವ ಕಾಗದ ಮೂರು ಬಗೆ.

ಜನನ ಪ್ರಮಾಣಪತ್ರ, ವಿವಾಹ ನೋಂದಣಿ ಪತ್ರ, ಆದಾಯದ ದಾಖಲೆಗಳು ಎಲ್ಲಿಗಾದರೂ ಬರುತ್ತವೆ. ಊರಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೆ ಬಿಟ್ಟಿದ್ದರೆ ಕಡತ ಇಲ್ಲೇ ಎಡವುತ್ತದೆ. ಲಗ್ನಪತ್ರಿಕೆಯೂ ಮಂಟಪದ ಫೋಟೋವೂ ಸಾಲುವುದಿಲ್ಲ. ಕರ್ನಾಟಕದಲ್ಲಿ ಪಡೆದ ಪತ್ರವನ್ನು ವಿದೇಶದಲ್ಲಿ ಬಳಸಬೇಕಾದರೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಬೇರೆ ದೇಶಗಳು ಒಪ್ಪುವ ದೃಢೀಕರಣ ಮುದ್ರೆ, ಆಗಬೇಕು. ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ ಊರಿನ ಹೆಸರು ಸೇರಿದೆ, ಪಾಸ್‌ಪೋರ್ಟಿನಲ್ಲಿ ಇಲ್ಲ. ಮಲೆನಾಡಿನ ಕಾಗದಗಳಲ್ಲಿ ಇದು ತೀರಾ ಮಾಮೂಲು, ಕಡತ ವಾಪಸ್ ಬರಲು ಇಷ್ಟೇ ಸಾಕು. ಒಬ್ಬರೇ ವ್ಯಕ್ತಿ ಎಂಬ ಅಫಿಡವಿಟ್ಟನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಬಗೆ, ಅವಧಿ ಇರುವ ಕಾಗದ. ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ವರದಿ, ಬೆರಳಚ್ಚು ತಪಾಸಣೆ ಇವೆಲ್ಲ ಹಳೆಯ ದೇಶಕ್ಕೆಂದು ಮಾಡಿಸಿದ್ದಾದರೂ ವಿಷಯ ಅದೇ. ಆದರೆ ಹೊಸ ಕಡತ ಸೇರುವ ಹೊತ್ತಿಗೆ ಅವಧಿ ಮೀರಿರುತ್ತದೆ. ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಿಸಿದರೆ ಎಲ್ಲದರ ಅವಧಿಯೂ ಒಟ್ಟಿಗೇ ಮುಗಿಯುತ್ತದೆ. ಬೇಗ ಸಿಗುವ ಕಾಗದವನ್ನು ಕೊನೆಗೆ, ತಡವಾಗುವ ಕಾಗದವನ್ನು ಮೊದಲಿಗೆ ಮಾಡಿಸಬೇಕು. ಹಿಂದೆ ವಾಸವಿದ್ದ ಬೇರೆ ದೇಶದಿಂದ ತರಿಸಬೇಕಾದ ಪೊಲೀಸ್ ಪತ್ರವೇ ಸಾಮಾನ್ಯವಾಗಿ ಎಲ್ಲಕ್ಕಿಂತ ತಡ.

ಮೂರನೆಯದು ದೇಶಕ್ಕೆ ಅಂಟಿದ ಕಾಗದ. ಗೃಹ ಅಧ್ಯಯನ ವರದಿ ಇದರಲ್ಲಿ ಮುಖ್ಯ. ಸಮಾಜ ಕಾರ್ಯಕರ್ತರು ಮನೆಗೆ ಬಂದು, ದಂಪತಿಯನ್ನು ಒಟ್ಟಾಗಿಯೂ ಬೇರೆಬೇರೆಯಾಗಿಯೂ ಮಾತಾಡಿಸಿ ಬರೆಯುವ ಈ ವರದಿಯಲ್ಲಿ ಯಾವ ದೇಶದ, ಯಾವ ವಯಸ್ಸಿನ, ಎಂಥ ಆರೋಗ್ಯ ಸ್ಥಿತಿಯ ಎಷ್ಟು ಮಕ್ಕಳಿಗೆ ಶಿಫಾರಸು ಎಂದು ಸ್ಪಷ್ಟವಾಗಿರುತ್ತದೆ. ಕೊಲಂಬಿಯಾದ ಮಗುವಿಗೆ ಬರೆದ ವರದಿ ಭಾರತದ ಮಗುವಿಗೆ ಹಾಗೇ ನಡೆಯದು. ಪೂರ್ತಿ ಹೊಸದಾಗಿ ಮಾಡಿಸಬೇಕೆಂದಿಲ್ಲ, ಪರಿಷ್ಕರಣೆ ಸಾಕಾಗಬಹುದು. ಆದರೆ ಅಮೆರಿಕದ ವಲಸೆ ಇಲಾಖೆಗೆ ಸಲ್ಲಿಸುವಾಗ ಆ ಪರಿಷ್ಕರಣೆ 6 ತಿಂಗಳಿಗಿಂತ ಹಳೆಯದಾಗಿರಬಾರದು.

ಆ ಇಲಾಖೆಯ ಅನುಮೋದನೆಯೂ ದೇಶಕ್ಕೆ ಅಂಟಿದ್ದೇ. ಹೇಗ್ ಒಪ್ಪಂದದೊಳಗಿನ ಒಂದು ದೇಶದಿಂದ ಒಪ್ಪಂದದೊಳಗಿನ ಇನ್ನೊಂದು ದೇಶಕ್ಕೆ ಬದಲಿಸುವವರು, ಅಂದರೆ ಕೊಲಂಬಿಯಾದಿಂದ ಭಾರತಕ್ಕೆ ಬರುವವರು, ಐ-800ಎ (ಹೇಗ್ ದೇಶದ ಮಗುವಿಗಾಗಿ ದಂಪತಿಯ ಯೋಗ್ಯತೆ ಒಪ್ಪಿಸಿಕೊಳ್ಳುವ ಅರ್ಜಿ) ಅನುಮೋದನೆಯ ಅವಧಿಯೊಳಗೆ ಅದರ 3ನೇ ಪೂರಕ ನಮೂನೆಯನ್ನು ಪರಿಷ್ಕೃತ ವರದಿಯೊಂದಿಗೆ ಹಾಕಿ ಬದಲಾವಣೆ ಕೇಳಬಹುದು. ಈ ಅನುಮೋದನೆಯ ಅವಧಿ 15 ತಿಂಗಳು. ನೈಜೀರಿಯಾ, ಜಪಾನ್‌ನಂಥ ಒಪ್ಪಂದದ ಹೊರಗಿನ ದೇಶಕ್ಕೆ ಅರ್ಜಿ ಹಾಕಿದವರ ಬಳಿ ಇರುವುದು ಐ-600ಎ ಎಂಬ ಬೇರೆ ಅರ್ಜಿಯ ಅನುಮೋದನೆ. ಭಾರತಕ್ಕೆ ಅದು ಬರುವುದೇ ಇಲ್ಲ, ಹೊಸ ಐ-800ಎ ಹಾಕಬೇಕು. ನಮೂನೆಗಳ ಹೆಸರು ಹತ್ತಿರ ಹತ್ತಿರ ಇರುವುದರಿಂದ "ಅನುಮೋದನೆ ಆಗಿದೆಯಲ್ಲ" ಎಂದು ಸುಮ್ಮನಿದ್ದು ತಿಂಗಳುಗಟ್ಟಲೆ ಕಳೆದುಕೊಳ್ಳುವವರಿದ್ದಾರೆ.

ಇನ್ನು ದುಡ್ಡು. ಹಳೆಯ ದೇಶದ ಭಾಷೆಗೆ ಮಾಡಿಸಿದ ಅನುವಾದ, ಅಲ್ಲಿಯ ಪ್ರತಿನಿಧಿಗೆ ಕೊಟ್ಟ ಶುಲ್ಕ, ಕಡತ ಸಲ್ಲಿಕೆಯ ಶುಲ್ಕ ವಾಪಸ್ ಬರುವುದಿಲ್ಲ ಎಂದೇ ಇಟ್ಟುಕೊಳ್ಳಬೇಕು. ಇನ್ನೂ ನಡೆಯದ ಕೆಲಸಕ್ಕೆ ಮುಂಗಡ ಕೊಟ್ಟಿದ್ದರೆ ಅದು ಸಂಸ್ಥೆಯೊಂದಿಗಿನ ಕರಾರಿನ ಮೇಲೆ. ಆ ಕರಾರಿನಲ್ಲಿ ದೇಶ ಬದಲಾವಣೆಯ ಷರತ್ತನ್ನು ಸಹಿ ಹಾಕುವ ಮೊದಲೇ ಓದಿದವರು ಕಡಿಮೆ. ಹಳೆಯ ದೇಶದ ಸರದಿಯಲ್ಲಿ ಕಾದ ವರ್ಷಗಳು ಹೊಸ ದೇಶದ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟಿದ್ದು ದಂಡವಾಗುತ್ತದಲ್ಲ ಎಂದು ಕೂತು ಕಾಯುವುದು ಮಾತ್ರ ಕೆಟ್ಟ ಲೆಕ್ಕಾಚಾರ. ಹೋದ ದುಡ್ಡು ಎರಡೂ ದಾರಿಯಲ್ಲಿ ಹೋದದ್ದೇ. ಈಗ ನೋಡಬೇಕಾದದ್ದು ಇನ್ನು ಎಷ್ಟು ದುಡ್ಡು, ಎಷ್ಟು ವರ್ಷ ಎಂದು.

ಬದಲಿಸಲು ಸುಲಭದ ಹೊತ್ತು, ಕಡತ ಇನ್ನೂ ಮೊದಲ ದೇಶಕ್ಕೆ ತಲುಪದೇ ಇರುವಾಗ. ತಲುಪಿ ಸರದಿಯಲ್ಲಿದ್ದರೆ ನಷ್ಟ ಇದ್ದರೂ ಸಹಿಸಬಹುದು. ಮಗುವನ್ನು ಒಪ್ಪಿಕೊಂಡ ಮೇಲೆ ಸ್ವಂತ ಇಚ್ಛೆಯಿಂದ ಬದಲಿಸುವುದು ಬೇರೆಯೇ ಮಾತು. ಆ ಮಗು ಮತ್ತೆ ಪಟ್ಟಿಗೆ ಹೋಗುತ್ತದೆ, ಈ ನಡುವೆ ಇನ್ನೊಂದು ಕುಟುಂಬ ನೋಡಬಹುದಾಗಿದ್ದ ತಿಂಗಳುಗಳನ್ನು ಅದು ಕಳೆದುಕೊಂಡಿರುತ್ತದೆ. ಹೊಸ ದೇಶದ ಅಧಿಕಾರಿಗಳೂ ಹಿಂದಿನ ಕಡತ ಏಕೆ ನಿಂತಿತು ಎಂದು ಕೇಳುತ್ತಾರೆ. ಮುಚ್ಚಿಟ್ಟರೆ ಗೃಹ ಅಧ್ಯಯನದಲ್ಲೇ ಸಿಕ್ಕಿಬೀಳುತ್ತದೆ.

ಭಾರತಕ್ಕೆ ತಿರುಗಿದರೆ ಸರದಿ ಚಿಕ್ಕದೇ?

ಭಾರತದಲ್ಲಿ ಇದರ ಮೇಲ್ವಿಚಾರಣೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ್ದು, ಎಲ್ಲರೂ ಕರೆಯುವುದು ಕಾರಾ ಎಂದು. ಅರ್ಜಿಯಿಂದ ಆದೇಶದವರೆಗೆ ಎಲ್ಲವೂ ಕೇರಿಂಗ್ಸ್ ಪೋರ್ಟಲ್‌ನಲ್ಲೇ. ಬಾಲನ್ಯಾಯ ಕಾಯ್ದೆ 2015 ಮತ್ತು ದತ್ತು ನಿಯಮಾವಳಿ 2022 ಇದಕ್ಕೆ ಆಧಾರ. ಅನಿವಾಸಿ ಭಾರತೀಯರಿಗೆ ಇಲ್ಲಿರುವವರ ಸಮನಾದ ಆದ್ಯತೆ ಇದೆ. ಒಸಿಐ ಕಾರ್ಡ್‌ದಾರರಿಗೆ ಅಂತರರಾಷ್ಟ್ರೀಯ ದತ್ತಿನಲ್ಲಿ ಬೇರೆ ವಿದೇಶಿಯರಿಗಿಂತ ಮೊದಲ ಅವಕಾಶ ಎಂದು ಕಾಯ್ದೆಯೇ ಹೇಳುತ್ತದೆ. ದೇಶ ಬದಲಿಸುವ ಮಲೆನಾಡಿನ ಮೂಲದ ದಂಪತಿಗೆ ಇದು ನಿಜವಾದ ಅನುಕೂಲ.

ಆದರೆ ಸಮನಾದ ಆದ್ಯತೆ ಅನಿವಾಸಿ ಭಾರತೀಯರನ್ನು ತಂದು ನಿಲ್ಲಿಸುವುದು ದೇಶದ ಒಳಗಿನವರು ನಿಂತಿರುವ ಸಾಲಿನಲ್ಲೇ. ಆರೋಗ್ಯವಂತ ಹಸುಗೂಸಿಗೆ ಆ ಸಾಲು ವರ್ಷಗಳಷ್ಟು ಉದ್ದ. 2024-25ರಲ್ಲಿ ದೇಶದಲ್ಲಿ ದಾಖಲೆಯ 4,515 ದತ್ತುಗಳಾದವು. ಅದರಲ್ಲಿ 4,155 ದೇಶದೊಳಗೇ. ಹೊರಕ್ಕೆ ಹೋದವರು 360 ಮಕ್ಕಳು. ದತ್ತು ಮುಕ್ತ ಎಂದು ಘೋಷಿಸಿದ ಮಗುವಿಗೆ 60 ದಿನದಲ್ಲಿ ಭಾರತೀಯ ಅಥವಾ ಅನಿವಾಸಿ ಭಾರತೀಯ ಕುಟುಂಬ ಸಿಗದಿದ್ದರೆ ಮಾತ್ರ ಅಂತರರಾಷ್ಟ್ರೀಯ ದತ್ತಿಗೆ ಅದು ತೆರೆದುಕೊಳ್ಳುತ್ತದೆ. 5 ವರ್ಷ ದಾಟಿದವರು, ಒಡಹುಟ್ಟಿದವರು, ಅಂಗವೈಕಲ್ಯ ಇರುವವರಿಗೆ ಇದರಲ್ಲಿ ಆದ್ಯತೆ. ಬೇರೆ ದೇಶಗಳು ಮುಚ್ಚಿದಂತೆ ಭಾರತದ ಕಡೆ ಕಡತಗಳು ಹೆಚ್ಚಬಹುದು. ಹೆಚ್ಚಿದರೂ ಹಸುಗೂಸುಗಳ ಸಾಲು ಅದರಿಂದ ಅಲುಗಾಡುವುದಿಲ್ಲ. ಬದಲಾಗುವುದು ದೊಡ್ಡ ಮಕ್ಕಳ, ವಿಶೇಷ ಅಗತ್ಯದ ಮಕ್ಕಳ ಅವಕಾಶ, ಅದೂ ಒಳ್ಳೆಯದಕ್ಕೇ. ಚಿಕ್ಕ ಮಗುವೇ ಬೇಕು, ಬೇಗ ಬೇಕು ಎಂದು ಭಾರತಕ್ಕೆ ತಿರುಗುವುದು ತಪ್ಪು ಲೆಕ್ಕ. ಆರೇಳು ವರ್ಷದ ಮಗುವಿಗೂ ಮನೆ ಸಿದ್ಧ ಎನ್ನುವವರು ತಿರುಗುವುದರಲ್ಲಿ ಅರ್ಥವಿದೆ.

ವಯಸ್ಸಿನ ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡಬೇಕು. 2 ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು. 2ರಿಂದ 4 ವರ್ಷದ ಮಗುವಿಗೆ 90, 4ರಿಂದ 8ಕ್ಕೆ 100, 8ರಿಂದ 18ಕ್ಕೆ 110. ಪ್ರತಿ ವರ್ಷ ಕಳೆದಾಗ ಒಟ್ಟು ವಯಸ್ಸು ಏರುವುದು ಒಂದಲ್ಲ, ಎರಡು. ಗಂಡನಿಗೆ 41, ಹೆಂಡತಿಗೆ 39 ಇದ್ದಾಗ ಒಟ್ಟು 80. ಭಾರತದಲ್ಲಿ ಅವತ್ತೇ ನೋಂದಾಯಿಸಿದ್ದರೆ ಹಸುಗೂಸಿಗೂ ಅರ್ಹರು. ಬೇರೆ ದೇಶದಲ್ಲಿ 3 ವರ್ಷ ಕಾದು ಬಂದರೆ 86. ಲೆಕ್ಕಕ್ಕೆ ಹಿಡಿಯುವುದು ಇಲ್ಲಿಯ ನೋಂದಣಿಯ ದಿನದ ವಯಸ್ಸನ್ನು, ಆದ್ದರಿಂದ 2 ವರ್ಷದೊಳಗಿನ ಮಗುವಿನ ದಾರಿ ಅವರಿಗೆ ಆಗಲೇ ಮುಚ್ಚಿದೆ. ಇಬ್ಬರು ಅಥವಾ ಹೆಚ್ಚು ಮಕ್ಕಳಿರುವವರನ್ನು ವಿಶೇಷ ಅಗತ್ಯದ ಅಥವಾ ಮನೆ ಸಿಗುವುದು ಕಷ್ಟವಾದ ಮಕ್ಕಳಿಗೆ ಮಾತ್ರ ಪರಿಗಣಿಸುತ್ತಾರೆ. ಮದುವೆಯಾಗಿ ಕನಿಷ್ಠ 2 ವರ್ಷ ಆಗಿರಬೇಕು. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ.

ಅರ್ಜಿ ಹೋಗುವುದು ಕಾರಾ ಮಾನ್ಯತೆ ಪಡೆದ ಅಧಿಕೃತ ವಿದೇಶಿ ದತ್ತು ಸಂಸ್ಥೆಯ ಮೂಲಕ. ತಮ್ಮ ಹಳೆಯ ಸಂಸ್ಥೆ ಅಮೆರಿಕದಲ್ಲಿ ಮಾನ್ಯತೆ ಪಡೆದಿದೆ ಎಂದ ಮಾತ್ರಕ್ಕೆ ಕಾರಾದಲ್ಲೂ ಇದೆ ಎಂದಲ್ಲ. ಇಲ್ಲದಿದ್ದರೆ ಸಂಸ್ಥೆಯನ್ನೂ ಬದಲಿಸಬೇಕು. ಮಗುವಿನ ವಿವರ ಬಂದಾಗ ಕಾದಿರಿಸಲು ಇರುವುದು 96 ಗಂಟೆ; ದೇಶದೊಳಗಿನವರಿಗಾದರೆ 48. ಅಷ್ಟರೊಳಗೆ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿಯನ್ನು ಮಕ್ಕಳ ವೈದ್ಯರಿಗೆ ತೋರಿಸಬೇಕು. ವೈದ್ಯರ ಸಮಯವನ್ನು ಮೊದಲೇ ಮಾತಾಡಿಟ್ಟುಕೊಳ್ಳದವರು ಶುಕ್ರವಾರ ರಾತ್ರಿ ವಿವರ ಬಂದರೆ ಒದ್ದಾಡುತ್ತಾರೆ. ಒಪ್ಪಿದ ಮೇಲೆ ಅಮೆರಿಕದ ಕಡೆಯಿಂದ ಆ ಮಗುವಿನ ಹೆಸರಿನಲ್ಲಿ ಐ-800 ಎಂಬ ಅರ್ಜಿಯ ತಾತ್ಕಾಲಿಕ ಅನುಮೋದನೆ ಮತ್ತು ಒಪ್ಪಿಗೆ ಪತ್ರ, ಕಾರಾದಿಂದ ನಿರಾಕ್ಷೇಪಣಾ ಪತ್ರ, ಜಿಲ್ಲಾಧಿಕಾರಿಯ ದತ್ತು ಆದೇಶ, ಹೇಗ್ ಒಪ್ಪಂದದಂತೆ ಆಗಿದೆ ಎಂಬ ಕಾರಾದ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟ್, ಕೊನೆಗೆ ವೀಸಾ. ಆದೇಶವನ್ನು 2022ರ ಸೆಪ್ಟೆಂಬರ್‌ನಿಂದ ಕೋರ್ಟಿನ ಬದಲು ಜಿಲ್ಲಾಧಿಕಾರಿಯೇ ಕೊಡುತ್ತಾರೆ. ಮಗು ಇದ್ದ ಸಂಸ್ಥೆಗೆ ಆರೈಕೆ ನಿಧಿಯಾಗಿ ಕಟ್ಟುವ ಮೊತ್ತ 5,000 ಡಾಲರ್. ಅದರಾಚೆ ರಸೀದಿ ಇಲ್ಲದೆ ಯಾರಾದರೂ ಕೇಳಿದರೆ ಕೊಡಬಾರದು.

ಒಂದು ಮಾತು, ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಮೇಲಿರುವವರಿಗೆ. ಅಮೆರಿಕದ ಹೇಗ್ ಅರ್ಜಿ ಹಾಕಲು ದಂಪತಿಯಲ್ಲಿ ಒಬ್ಬರಾದರೂ ಅಲ್ಲಿಯ ಪ್ರಜೆಯಾಗಿರಬೇಕು. ಇಲ್ಲದಿದ್ದರೆ ವಲಸೆ ಕಾನೂನಿನ ಇನ್ನೊಂದು ದಾರಿ, ಅಂದರೆ ದತ್ತು ಮಗುವಿನ ಜೊತೆ 2 ವರ್ಷ ಕಾನೂನುಬದ್ಧ ಪಾಲನೆ ಮತ್ತು ಒಟ್ಟಿಗೆ ವಾಸ ಎಂಬ ಷರತ್ತು ಎದುರಾಗುತ್ತದೆ. ಭಾರತದಲ್ಲಿ ದತ್ತು ಪೂರ್ತಿಯಾಗಿ ಮಗು ಮಾತ್ರ ಅಜ್ಜಿ ಮನೆಯಲ್ಲೇ ಉಳಿಯುವ ಪರಿಸ್ಥಿತಿ ಬರುವುದು ಹೀಗೆ. ವಲಸೆ ವಕೀಲರನ್ನು ಕಾಣಬೇಕಾದದ್ದು ನೋಂದಣಿಗೆ ಮುಂಚೆ.

"ಶಿವಮೊಗ್ಗದಲ್ಲೇ ಮಕ್ಕಳಿದ್ದಾರಲ್ಲ"

ಬಾಲಮಂದಿರದಲ್ಲಿರುವ ಮಕ್ಕಳೆಲ್ಲ ದತ್ತು ಮಕ್ಕಳಲ್ಲ. ಹೆಚ್ಚಿನವರಿಗೆ ತಂದೆಯೋ ತಾಯಿಯೋ ಇದ್ದಾರೆ. ಕಷ್ಟಕ್ಕೆ, ಓದಿಗೆ, ರಕ್ಷಣೆಗೆ ಅಲ್ಲಿದ್ದಾರೆ. ಒಂದು ಮಗುವನ್ನು ದತ್ತು ಮುಕ್ತ ಎಂದು ಘೋಷಿಸುವ ಅಧಿಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮಾತ್ರ. ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯಲ್ಲೋ ಸಿಕ್ಕ ಕೂಸಾದರೆ ಪತ್ರಿಕೆಯ ಒಳಪುಟದಲ್ಲಿ ಅಂಗೈಯಗಲದ ಪ್ರಕಟಣೆ ಬರುತ್ತದೆ: ಮಸುಕು ಫೋಟೋ, ಸಿಕ್ಕ ದಿನ, ಮೈಬಣ್ಣ, ವಾರಸುದಾರರು ಇದ್ದರೆ ಸಂಪರ್ಕಿಸಿ ಎಂಬ ಸಾಲು. ಪೊಲೀಸರು ಹುಡುಕಿ ವರದಿ ಕೊಡಬೇಕು. ಮಗು 2 ವರ್ಷದೊಳಗಿನದಾದರೆ 2 ತಿಂಗಳು, ಮೇಲ್ಪಟ್ಟದ್ದಾದರೆ 4 ತಿಂಗಳೊಳಗೆ ಸಮಿತಿ ತೀರ್ಮಾನಿಸುತ್ತದೆ. ತಾಯಿಯೇ ಬಂದು ಒಪ್ಪಿಸಿದರೆ ಮನಸ್ಸು ಬದಲಿಸಲು ಆಕೆಗೆ 2 ತಿಂಗಳ ಅವಕಾಶ. ಕೊರಿಯಾದಲ್ಲಿ, ನೇಪಾಳದಲ್ಲಿ ತಪ್ಪಿದ್ದು ಇದೇ ಹಂತ.

ಘೋಷಣೆಯಾದ ಮಗುವಿನ ವಿವರ ಕೇರಿಂಗ್ಸ್‌ಗೆ ಹೋಗುತ್ತದೆ. ಯಾರಿಗೆ ಯಾವ ಮಗು ಎನ್ನುವುದು ಸರದಿಯಿಂದ ನಿರ್ಧಾರವಾಗುತ್ತದೆ. ಶಿವಮೊಗ್ಗ ಮೂಲದವರಿಗೆ ಶಿವಮೊಗ್ಗದ ಮಗು ಎಂಬ ನಿಯಮ ಇಲ್ಲ. ಈ ಮಗುವೇ ಬೇಕು ಎಂದು ಗುರುತಿಟ್ಟು ಕೇಳುವಂತಿಲ್ಲ. ರಜೆಗೆ ಬಂದಾಗ ಆಟಿಕೆ, ಸಿಹಿ ಹಿಡಿದು ಶಿಶುಗೃಹಕ್ಕೆ ಹೋಗಿ ಮಕ್ಕಳನ್ನು ನೋಡಿಬರೋಣ ಎನ್ನುವುದು ಒಳ್ಳೆಯ ಮನಸ್ಸೇ ಇರಬಹುದು, ಆದರೆ ಅರ್ಜಿ ಹಾಕಿದವರು ಮಾಡಬಾರದ ಕೆಲಸ. ಮಗುವಿನ ಪಾಲಕರೊಂದಿಗೆ ಮುಂಚಿತ ಸಂಪರ್ಕವನ್ನು ಹೇಗ್ ಒಪ್ಪಂದದ 29ನೇ ವಿಧಿ ನಿರ್ಬಂಧಿಸುತ್ತದೆ. ಕುಟುಂಬದೊಳಗಿನ ದತ್ತಿಗೆ ವಿನಾಯಿತಿ ಇದೆ.

ಇದಕ್ಕಿಂತ ಕೆಟ್ಟದ್ದು "ಆಸ್ಪತ್ರೆಯಲ್ಲಿ ಗೊತ್ತಿದ್ದವರಿದ್ದಾರೆ, ಒಂದು ಕೂಸು ಕೊಡಿಸ್ತಾರಂತೆ" ಎಂಬ ದಾರಿ. ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಿದ ಮಗುವನ್ನು ಕ್ರಮ ಬಿಟ್ಟು ಕೊಟ್ಟವರಿಗೂ ಪಡೆದವರಿಗೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ದುಡ್ಡು ಕೈಬದಲಾದರೆ ಅದು ಮಗುವಿನ ಮಾರಾಟ. ಆಸ್ಪತ್ರೆಯವರು ಸೇರಿದ್ದರೆ ಶಿಕ್ಷೆ 3ರಿಂದ 7 ವರ್ಷ.

ಮನೆಯೊಳಗಿನ ಮಗುವಾದರೆ

ಹೊರದೇಶದ ಕಡತ ನಿಂತಾಗ ಹಿರಿಯರು ಸೂಚಿಸುವ ಇನ್ನೊಂದು ದಾರಿ ಸಂಬಂಧಿಕರ ಮಗು. ತಂಗಿಯ ಮೂರನೆಯ ಮಗುವನ್ನೋ ಅಣ್ಣ ತೀರಿಕೊಂಡ ಮೇಲೆ ಉಳಿದ ಮಗುವನ್ನೋ ತೆಗೆದುಕೊಳ್ಳುವುದಕ್ಕೆ ಬಾಲನ್ಯಾಯ ಕಾಯ್ದೆಯಲ್ಲಿ ಪ್ರತ್ಯೇಕ ಅವಕಾಶವಿದೆ. ಮೇಲಿನ ವಯಸ್ಸಿನ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ, ಸರದಿಯೂ ಇಲ್ಲ. ಆದರೆ ಕಾಯ್ದೆ ಸಂಬಂಧಿಕರೆಂದು ಒಪ್ಪುವುದು ಮಗುವಿನ ತಂದೆ ಅಥವಾ ತಾಯಿಯ ಒಡಹುಟ್ಟಿದವರನ್ನು, ಮತ್ತು ಎರಡೂ ಕಡೆಯ ಅಜ್ಜ-ಅಜ್ಜಿಯರನ್ನು. ದೊಡ್ಡಪ್ಪನ ಮಗನ ಮಗುವನ್ನು ತೆಗೆದುಕೊಳ್ಳಲು ಈ ದಾರಿ ಸಿಗದು, ಒಂದೇ ಮನೆಯಲ್ಲಿ ಬೆಳೆದಿದ್ದರೂ ಸರಿ. ಹೆತ್ತವರ ಒಪ್ಪಿಗೆ, 5 ವರ್ಷ ದಾಟಿದ ಮಗುವಾದರೆ ಅದರ ಒಪ್ಪಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮನೆಗೆ ಬಂದು ಬರೆಯುವ ಕುಟುಂಬ ಹಿನ್ನೆಲೆ ವರದಿ ಬೇಕು.

ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತುಪತ್ರ ನೋಂದಾಯಿಸುವುದು ಮಲೆನಾಡಿಗೆ ಹಳೆಯ ಪರಿಚಯ. ದತ್ತಹೋಮ ಮಾಡಿಸಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಮಗುವನ್ನು ಕೊಟ್ಟು-ಪಡೆಯುವ ಕ್ರಿಯೆ ಮಾತ್ರ ನಡೆದಿರಬೇಕು. ದೇಶದೊಳಗೆ ಇದು ಪೂರ್ತಿ ಸಿಂಧು. ಹೊರಗೆ ಕರೆದೊಯ್ಯುವ ಪ್ರಶ್ನೆ ಬಂದಾಗ ತೊಡಕು ಶುರು. 2021ರಿಂದ ಇಂಥ ದತ್ತಿಗೂ ಕಾರಾ ನಿರಾಕ್ಷೇಪಣಾ ಪತ್ರ ಕೊಡುವ ದಾರಿ ತೆರೆದಿದೆ, ಜಿಲ್ಲಾಧಿಕಾರಿಯ ಪರಿಶೀಲನೆಯ ನಂತರ. ಆದರೆ ಅಮೆರಿಕದ ನಿಯಮದಲ್ಲಿ ಐ-800ರ ತಾತ್ಕಾಲಿಕ ಅನುಮೋದನೆಗೆ ಮೊದಲೇ ದತ್ತು ಪೂರ್ತಿಯಾಗಿದ್ದರೆ ಅರ್ಜಿಯನ್ನು ತಿರಸ್ಕರಿಸಬೇಕಾಗುತ್ತದೆ. ಹದಿನೈದು ದಿನದ ರಜೆಯಲ್ಲಿ ಊರಿಗೆ ಬಂದು, ಒಳ್ಳೆಯ ದಿನ ನೋಡಿ ಪತ್ರ ನೋಂದಾಯಿಸಿ, ಆಮೇಲೆ ವೀಸಾ ನೋಡೋಣ ಎಂದವರ ಕಡತ ಕೆಡುವುದು ಇಲ್ಲಿಯೇ. ಅಲ್ಲಿಯ ಅನುಮತಿ ಮೊದಲು, ಇಲ್ಲಿಯ ದತ್ತು ಆಮೇಲೆ.

ಕಾಯುವವರೇ ಊರು ಬಿಟ್ಟಾಗ

ಶಿವಮೊಗ್ಗದಲ್ಲಿ ನೋಂದಾಯಿಸಿ ಸರದಿಯಲ್ಲಿದ್ದವರಿಗೆ ಹೊರದೇಶದ ಕೆಲಸ ಸಿಕ್ಕರೆ, ಸುಮ್ಮನಿದ್ದು ಮಗು ಸಿಕ್ಕ ಮೇಲೆ ನೋಡೋಣ ಎನ್ನುವ ಪ್ರವೃತ್ತಿ ಇದೆ. ಇದು ಅಪಾಯ. ನೆಲೆ ಬದಲಾದ ದಿನದಿಂದ ಅವರು ಅಂತರರಾಷ್ಟ್ರೀಯ ಅರ್ಜಿದಾರರು; ಇಲ್ಲಿಯ ಗೃಹ ಅಧ್ಯಯನ ವರದಿ ಇನ್ನು ನಡೆಯದು, ಹೊಸ ದೇಶದಲ್ಲಿ ಆಗಬೇಕು. ನೆಲೆ ಬದಲಾದವರ ಹಳೆಯ ಸರದಿಯನ್ನು ಪರಿಗಣಿಸಲು ನಿಯಮಾವಳಿಯಲ್ಲಿ ಅವಕಾಶವಿದೆ. ಹಾಗಾಗಿ ಹಳೆಯ ನೋಂದಣಿಯನ್ನು ರದ್ದು ಮಾಡಿಸಿ ಹೊಸದಾಗಿ ಹಾಕುವ ಆತುರ ಬೇಡ. ಕಾರಾಗೆ ಬರೆದು, ಲಿಖಿತ ಉತ್ತರ ಇಟ್ಟುಕೊಳ್ಳಬೇಕು.

ಹೊಸ ದೇಶದ ನಿಯಮವೂ ತಡ ಮಾಡಿಸುತ್ತದೆ. ಬ್ರಿಟನ್ನಿನಲ್ಲಿ ಅರ್ಜಿ ಹಾಕಲು ಅಲ್ಲಿ ಕನಿಷ್ಠ 1 ವರ್ಷ ನೆಲೆಸಿರಬೇಕು ಅಥವಾ ಅಲ್ಲಿಯ ಕಾಯಂ ನೆಲೆಯವರಾಗಿರಬೇಕು. ಕೊಲ್ಲಿ ದೇಶಗಳಲ್ಲಿ ಯುಎಇಯಂಥವು ಹೇಗ್ ಒಪ್ಪಂದದಲ್ಲೇ ಇಲ್ಲ. ಅಲ್ಲಿರುವ ಭಾರತೀಯ ಪ್ರಜೆಗಳ ಕಡತ ಭಾರತದ ರಾಯಭಾರ ಕಚೇರಿಯ ಮೂಲಕ ಸಾಗುತ್ತದೆ. ನೆದರ್ಲೆಂಡ್ಸ್‌ಗೆ ಹೋಗುವವರಿಗೆ ಹೊಸ ಅರ್ಜಿಯೇ ಸಾಧ್ಯವಿಲ್ಲ. ಕಂಪನಿ ಎರಡು ದೇಶಗಳ ಆಯ್ಕೆ ಕೊಟ್ಟಿದ್ದರೆ ಸಂಬಳದ ಜೊತೆ ಇದನ್ನೂ ತೂಗಿ ನೋಡಬೇಕು.

ಮಗು ಬಂದ ಮೇಲೆ ಹೊರಟರೂ ಹೊಣೆ ಮುಗಿದಿರುವುದಿಲ್ಲ. ದತ್ತಿನ ನಂತರ 2 ವರ್ಷ ಮಗುವಿನ ಪ್ರಗತಿ ವರದಿ ಹೋಗಬೇಕು. ಅಂತರರಾಷ್ಟ್ರೀಯ ದತ್ತಾದರೆ ಮೊದಲ ವರ್ಷ 3 ತಿಂಗಳಿಗೊಮ್ಮೆ, ಎರಡನೆಯ ವರ್ಷ 6 ತಿಂಗಳಿಗೊಮ್ಮೆ, ಒಟ್ಟು 6 ವರದಿ. ಈ ಅವಧಿಯಲ್ಲಿ ಇಲ್ಲಿಂದ ಹೊರದೇಶಕ್ಕೆ ಹೋಗುವವರು ಹೊರಡುವ ಮುಂಚೆಯೇ ಅಲ್ಲಿಯ ಭಾರತೀಯ ರಾಯಭಾರ ಕಚೇರಿಗೆ ಹೊಸ ವಿಳಾಸ ತಿಳಿಸಬೇಕು. ಆ ಪತ್ರದ ಒಂದು ಪ್ರತಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಗು ಬಂದ ದತ್ತು ಸಂಸ್ಥೆಗೂ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡರೆ, ಮುಂದೆ ವರದಿ ಯಾರು ಬರೆಯಬೇಕು ಎಂಬ ಪ್ರಶ್ನೆ ಎದ್ದಾಗ ಕಾಗದ ಕೈಯಲ್ಲಿರುತ್ತದೆ.